ವರ್ಕ್ಸ್‌ವರ್ತ್ ಕಲ್ಲಿನ ಫೋಟೋದಲ್ಲಿ ಆಕೃತಿಗಳೇ ಕಾಣುತ್ತಿಲ್ಲ: ಪ್ರತಿಕ್ರಿಯೆ

ವರ್ಕ್ಸ್‌ವರ್ತ್ ಕಲ್ಲಿನ ಫೋಟೋ ತೆಗೆದರೆ ಆಕೃತಿಗಳೇ ಕಾಣುತ್ತಿಲ್ಲ, ಏಕೆ ಎಂದು ಕೇಳಿದ್ದೀರಿ. ಇಂಗ್ಲೆಂಡಿನ ಡರ್ಬಿಶೈರ್‌ನ ವರ್ಕ್ಸ್‌ವರ್ತ್ ಊರಿನ ಸೇಂಟ್ ಮೇರಿ ಚರ್ಚಿನಲ್ಲಿರುವ ಆ ಕಲ್ಲಿನ ಕೆತ್ತನೆ ನಿಮ್ಮ ಫೋಟೋದಲ್ಲಿ ಚಪ್ಪಟೆಯಾಗಿ ಬಂದದ್ದಕ್ಕೆ ಬಹುಶಃ ಫ್ಲ್ಯಾಶ್ ಕಾರಣ. ಉಬ್ಬು ಕಡಿಮೆಯಿರುವ ಕಲ್ಲಿನ ಮೇಲೆ ಎದುರಿನಿಂದ ಬೆಳಕು ಬಿದ್ದರೆ ನೆರಳು ಅಳಿಸಿಹೋಗುತ್ತದೆ, ನೆರಳಿಲ್ಲದೆ ಗೆರೆಯೂ ಇಲ್ಲ.

ಮೊದಲು ಟ್ರೈಪಾಡ್ ಮತ್ತು ಟಾರ್ಚ್ ಬಳಸಲು ಚರ್ಚಿನವರ ಅನುಮತಿ ಕೇಳಿ. ಫ್ಲ್ಯಾಶ್ ಆಫ್ ಮಾಡಿ, ಕ್ಯಾಮೆರಾವನ್ನು ಕಲ್ಲಿಗೆ ನೇರವಾಗಿ ನಿಲ್ಲಿಸಿ. ಐಎಸ್‌ಒ (ಬೆಳಕಿಗೆ ಸಂವೇದನೆ) 100, ಎಫ್/8 (ಲೆನ್ಸಿನ ತೆರಪು), 2 ಸೆಕೆಂಡ್ ಟೈಮರ್ ಇಟ್ಟುಕೊಳ್ಳಿ; ಶಟರ್ ವೇಗವನ್ನು ಕ್ಯಾಮೆರಾಕ್ಕೇ ಬಿಡಿ. ಟಾರ್ಚನ್ನು ಪಕ್ಕದಿಂದ, ಕಲ್ಲಿನ ಮೈಗೆ 10–20 ಡಿಗ್ರಿ ಓರೆಯಲ್ಲಿ, ಒಂದು ಮೀಟರಿನಷ್ಟು ದೂರದಿಂದ ಹಿಡಿಯಿರಿ. ಹತ್ತಿರ ಹಿಡಿದರೆ ಒಂದು ಬದಿ ಬೆಳ್ಳಗಾಗಿ ಇನ್ನೊಂದು ಕತ್ತಲಾಗುತ್ತದೆ. ಎಡ, ಬಲ, ಮೇಲೆ, ಕೆಳಗೆ ಹೀಗೆ ನಾಲ್ಕೂ ಕಡೆಯಿಂದ ಒಂದೊಂದು ತೆಗೆಯಿರಿ, ಕ್ಯಾಮೆರಾ ಮಾತ್ರ ಅಲುಗಬಾರದು. ಆಮೇಲೆ ಕಪ್ಪುಬಿಳುಪಿಗೆ ತಿರುಗಿಸಿದರೆ ಕಲ್ಲಿನ ಬಣ್ಣದ ಕಲೆಗಳು ಕಣ್ಣನ್ನು ದಾರಿ ತಪ್ಪಿಸುವುದಿಲ್ಲ.

ಸೀಮೆಸುಣ್ಣ ಬಳಿಯುವುದು, ನೀರು ಚಿಮುಕಿಸುವುದು, ಕಾಗದವಿಟ್ಟು ಉಜ್ಜುವುದು ದಯವಿಟ್ಟು ಬೇಡವೇ ಬೇಡ. ಸಾವಿರ ವರ್ಷಕ್ಕೂ ಹಳೆಯ ಆಂಗ್ಲೋ-ಸ್ಯಾಕ್ಸನ್ (ನಾರ್ಮನ್ನರಿಗೂ ಮುಂಚಿನ ಇಂಗ್ಲೆಂಡಿನ) ಕಲ್ಲಿನ ಮೈ ಅದು. ಸವೆದದ್ದು ಮರಳಿ ಬರುವುದಿಲ್ಲ.

ಫೋಟೋದಲ್ಲಿ ಕೆತ್ತನೆಯ ದೃಶ್ಯಗಳನ್ನು ಓದುವಾಗ ಮೇಲಿನ ಸಾಲಿನಲ್ಲಿ ಶಿಲುಬೆಯ ನಡುವಿನ ಕುರಿಮರಿಯನ್ನು ಮೊದಲು ಹುಡುಕಿ, ಉಳಿದದ್ದಕ್ಕೆ ಅದೇ ಗುರುತು. ಅದೇ ಸಾಲಿನಲ್ಲಿ ಕ್ರಿಸ್ತ ಶಿಷ್ಯರ ಪಾದ ತೊಳೆಯುವುದು, ಯೇಸುವಿನ ತಾಯಿ ಮರಿಯಳ ಶವಯಾತ್ರೆ ಇವೆ. ಕೆಳಗೆ ದೇವದೂತರು ಹೊತ್ತ ಅಂಡಾಕಾರದೊಳಗೆ ಸ್ವರ್ಗಾರೋಹಣದ ಕ್ರಿಸ್ತ. ಕೆಳಸಾಲಿನ ಒಂದೆರಡು ದೃಶ್ಯಗಳ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಅಲ್ಲಿ ನಿಮ್ಮ ಫೋಟೋ ಶೀರ್ಷಿಕೆಯ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಡಿ.