ಆನ್‌ಲೈನ್ ಕಾರ್ಡ್ ಆಟಗಳಲ್ಲಿ ಸ್ಪರ್ಧೆಯ ಮಟ್ಟಕ್ಕೆ ಏರಲು ಗುರಿ ಹೇಗಿರಬೇಕು, ಅಭ್ಯಾಸ ಹೇಗಿರಬೇಕು?

ನೀವು ಬೀದರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೀರಿ. ಮ್ಯಾಜಿಕ್ ಎಂಬ ಕಾರ್ಡ್ ಆಟದ ಆನ್‌ಲೈನ್ ರೂಪವಾದ ಮ್ಯಾಜಿಕ್ ಅರೇನಾದಲ್ಲಿ ಕೆಂಪು ಬಣ್ಣದ ವೇಗದ ಡೆಕ್ (ಆಡಲು ಆರಿಸಿಕೊಂಡ ಕಾರ್ಡುಗಳ ಕಟ್ಟು) ಒಂದನ್ನು ಹಿಡಿದು ತಡರಾತ್ರಿಯವರೆಗೆ ಆಡಿದರೂ ಪ್ಲಾಟಿನಂ ಹಂತ ದಾಟಲಾಗುತ್ತಿಲ್ಲವೆಂದೂ, 'ಈ ತಿಂಗಳು ಮಿಥಿಕ್' (ಎಲ್ಲಕ್ಕಿಂತ ಮೇಲಿನ ಹಂತ) ಎಂದು ಪ್ರತಿ ತಿಂಗಳು ನಿಶ್ಚಯಿಸಿಯೂ ಕೊನೆಗೆ ಅಲ್ಲಿಯೇ ಉಳಿಯುತ್ತಿದ್ದೀರೆಂದೂ ಬರೆದು, ಗುರಿ ಮತ್ತು ಅಭ್ಯಾಸ ಹೇಗಿರಬೇಕೆಂದು ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ನೌಕರಿಯಲ್ಲಿರುವವನು. ಸಂಜೆಯ ಬಿಡುವಿನಲ್ಲಿ ಇದೇ ಆಟವನ್ನು ಬಹಳ ಕಾಲದಿಂದ ಆಡುತ್ತ ಬಂದಿದ್ದೇನೆ. ಮಿಥಿಕ್ ಮುಟ್ಟಿದ್ದೇನೆ, ಆದರೆ ದೊಡ್ಡ ಟೂರ್ನಮೆಂಟ್ ಗೆದ್ದವನಲ್ಲ. ಆದ್ದರಿಂದ ನೀವಿರುವ ಮಟ್ಟದಿಂದ ಅರ್ಹತಾ ಸುತ್ತಿನ ಬಾಗಿಲವರೆಗಿನ ದಾರಿಯನ್ನು ಮಾತ್ರ ಹೇಳುತ್ತೇನೆ.

ಮೊದಲು ಗುರಿಯ ಲೆಕ್ಕ ಮಾಡೋಣ. ಪ್ಲಾಟಿನಂನಲ್ಲಿ ಒಂದೇ ಆಟದ ಪಂದ್ಯ ಗೆದ್ದರೆ ಒಂದು ಮೆಟ್ಟಿಲು ಮೇಲೆ, ಸೋತರೆ ಒಂದು ಮೆಟ್ಟಿಲು ಕೆಳಗೆ. ಮುಂದಿನ ಹಂತಕ್ಕೆ 24 ಮೆಟ್ಟಿಲು ಏರಬೇಕೆಂದು ಇಟ್ಟುಕೊಳ್ಳಿ. ನೂರರಲ್ಲಿ 55 ಪಂದ್ಯ ಗೆಲ್ಲುವವನಿಗೆ ನೂರು ಪಂದ್ಯಕ್ಕೆ ಹತ್ತು ಮೆಟ್ಟಿಲು ಮಾತ್ರ ಗಿಟ್ಟುತ್ತವೆ, ಎಂದರೆ ಅವನು ಸುಮಾರು 240 ಪಂದ್ಯ ಆಡಬೇಕು. ನೂರರಲ್ಲಿ 52 ಗೆಲ್ಲುವವನಿಗೆ 600 ಪಂದ್ಯ ಬೇಕಾಗುತ್ತದೆ, 60 ಗೆಲ್ಲುವವನಿಗೆ 120 ಸಾಕು. ಪಂದ್ಯಕ್ಕೆ ಹತ್ತು ನಿಮಿಷ ಎಂದು ಹಿಡಿದರೂ 240 ಪಂದ್ಯಕ್ಕೆ 40 ಗಂಟೆ, 600 ಪಂದ್ಯಕ್ಕೆ 100 ಗಂಟೆ ಹೋಗುತ್ತದೆ, ಅದೂ ಒಂದೇ ಹಂತಕ್ಕೆ. ಪ್ಲಾಟಿನಂ ಆದ ಮೇಲೆ, ಮಿಥಿಕ್‌ಗೆ ಮೊದಲು, ಡೈಮಂಡ್ ಇದ್ದೇ ಇದೆ. ಪರೀಕ್ಷೆ, ಪ್ರಾಜೆಕ್ಟ್ ಇರುವ ವಿದ್ಯಾರ್ಥಿಗೆ ತಿಂಗಳಿಗೆ ಅಷ್ಟು ಗಂಟೆ ಸಿಗುವುದಿಲ್ಲ, ಸಿಗಬಾರದು ಕೂಡ. ನಿಮ್ಮ ಗೆಲುವಿನ ಪ್ರಮಾಣ 52ರ ಆಸುಪಾಸಿನಲ್ಲಿದ್ದರೆ ಗಂಟೆಗಳನ್ನು ಹೆಚ್ಚಿಸುವುದರಿಂದ ನಿದ್ದೆ ಕೆಡುತ್ತದೆಯೇ ಹೊರತು ಮಿಥಿಕ್ ಹತ್ತಿರ ಬರುವುದಿಲ್ಲ. ಆ ಪ್ರಮಾಣವನ್ನು ಮೂರು ನಾಲ್ಕು ಅಂಶ ಮೇಲೆತ್ತುವ ಕೆಲಸವನ್ನೇ ಗುರಿಯಾಗಿ ಇಟ್ಟುಕೊಳ್ಳಬೇಕು.

ಆ ಪ್ರಮಾಣವನ್ನು ತಿಳಿಯುವುದೂ ಸುಲಭವಲ್ಲ. ಇಪ್ಪತ್ತು ಪಂದ್ಯದಲ್ಲಿ ಹನ್ನೊಂದು ಗೆದ್ದರೆ 'ನನ್ನದು 55' ಎಂದು ಹೇಳಿಕೊಳ್ಳುತ್ತೇವೆ. ಸಂಖ್ಯಾಶಾಸ್ತ್ರದ ಪ್ರಕಾರ ನೋಡಿದರೆ ಇಪ್ಪತ್ತೇ ಪಂದ್ಯದಿಂದ ನಿಜವಾದ ಪ್ರಮಾಣ 35 ಇರಬಹುದು, 75 ಕೂಡ ಇರಬಹುದು. ನೂರು ಪಂದ್ಯವಾದ ಮೇಲೂ ಹತ್ತು ಅಂಶದಷ್ಟು ಆಚೀಚೆ ಆಗುತ್ತದೆ. ಒಂದು ಸಂಜೆ ನಾಲ್ಕು ಪಂದ್ಯ ಸತತವಾಗಿ ಸೋತಾಗ 'ಈ ಡೆಕ್ ಸತ್ತಿತು' ಎಂದು ಹೊಸದನ್ನು ಕಟ್ಟಲು ಹೋಗುವವರು ಇದನ್ನು ಗಮನಿಸಬೇಕು. ಅದರಲ್ಲೂ ಅರೇನಾದಲ್ಲಿ ಡೆಕ್ ಬದಲಿಸುವುದು ದುಬಾರಿ. ಹಾರ್ತ್‌ಸ್ಟೋನ್ ಎಂಬ ಇನ್ನೊಂದು ಆನ್‌ಲೈನ್ ಕಾರ್ಡ್ ಆಟದಲ್ಲಿ ಬೇಡವಾದ ಕಾರ್ಡನ್ನು ಪುಡಿ ಮಾಡಿ ಸ್ವಲ್ಪವಾದರೂ ವಾಪಸು ಪಡೆಯಬಹುದು. ಅರೇನಾದಲ್ಲಿ ಬೇಕಾದ ಕಾರ್ಡನ್ನು ಪಡೆಯಲು ಕೊಡುವ ವೈಲ್ಡ್‌ಕಾರ್ಡ್ ಖರ್ಚಾದರೆ ತಿರುಗಿ ಬರುವುದಿಲ್ಲ. ಮೂರು ತಿಂಗಳಾದರೂ ಒಂದೇ ಡೆಕ್ ಹಿಡಿಯಿರಿ. ನಿಮ್ಮ ಕೆಂಪು ಡೆಕ್ ಅದಕ್ಕೆ ತಕ್ಕದ್ದೇ ಆಗಿದೆ, ಏಕೆಂದರೆ ವೇಗದ ಡೆಕ್ಕಿನಲ್ಲಿ ಪಂದ್ಯ ಬೇಗ ಮುಗಿಯುತ್ತದೆ ಮತ್ತು ತಪ್ಪು ಎಲ್ಲಿ ಆಯಿತೆಂದು ಹುಡುಕುವುದು ಸುಲಭ.

ಈಗ ಅಭ್ಯಾಸದ ವಿಷಯ. ಎರಡು ವಾರಕ್ಕೆ ಒಂದೇ ಒಂದು ಕೌಶಲ ಎಂದು ಕಟ್ಟು ಮಾಡಿಕೊಳ್ಳಿ. ಮೊದಲನೆಯದು ಕೈಗೆ ಬಂದ ಮೊದಲ ಏಳು ಕಾರ್ಡನ್ನು ಇಟ್ಟುಕೊಳ್ಳುವುದೋ, ಮಲ್ಲಿಗನ್ ಮಾಡುವುದೋ (ಆ ಕೈ ಬಿಟ್ಟು ಹೊಸ ಕೈ ಎಳೆಯುವುದೋ) ಎಂಬ ನಿರ್ಧಾರವಾಗಲಿ. ಪ್ರತಿ ಪಂದ್ಯದಲ್ಲಿಯೂ ತಪ್ಪದೆ ಬರುವ ನಿರ್ಧಾರ ಇದು, ಲೆಕ್ಕಕ್ಕೆ ಸಿಗುವಂಥದ್ದು ಕೂಡ. 60 ಕಾರ್ಡಿನ ಡೆಕ್ಕಿನಲ್ಲಿ 24 ಲ್ಯಾಂಡ್ (ಪ್ರತಿ ಸರದಿಗೆ ಒಂದು ಮನಾ, ಎಂದರೆ ಉಳಿದ ಕಾರ್ಡು ಆಡಲು ಬೇಕಾದ ಶಕ್ತಿ, ಕೊಡುವ ಕಾರ್ಡು) ಇದ್ದರೆ ಮೊದಲ ಏಳರಲ್ಲಿ ಎರಡರಿಂದ ನಾಲ್ಕು ಲ್ಯಾಂಡ್ ಬರುವ ಸಾಧ್ಯತೆ ನೂರಕ್ಕೆ 77. ಒಂದೇ ಲ್ಯಾಂಡ್ ಅಥವಾ ಒಂದೂ ಬಾರದಿರುವ ಸಾಧ್ಯತೆ ನೂರಕ್ಕೆ 14, ಎಂದರೆ ಏಳು ಪಂದ್ಯಕ್ಕೊಮ್ಮೆ. ಒಂದೇ ಆಟದ ಪಂದ್ಯದಲ್ಲಿ ಅರೇನಾ ಮೊದಲ ಕೈಯನ್ನು ಸ್ವಲ್ಪ ಹದಗೊಳಿಸಿ ಕೊಡುವುದರಿಂದ ಈ ಅಂಕಿ ಅಲ್ಲಿ ಹಾಗೆಯೇ ಅನ್ವಯಿಸುವುದಿಲ್ಲ. ಮೂರು ಆಟದ ಪಂದ್ಯಕ್ಕೆ ಅನ್ವಯಿಸುತ್ತದೆ. ಏಳರಲ್ಲಿ ಎರಡೇ ಲ್ಯಾಂಡ್ ಬಂದಿದ್ದು, ಉಳಿದ ಐದು ಕಾರ್ಡು ಚೆನ್ನಾಗಿದ್ದಾಗ ಏನು ಮಾಡಬೇಕೆಂಬ ಪ್ರಶ್ನೆಗೆ ಬಹಳ ಜನ ಅಭ್ಯಾಸಬಲದಿಂದ ಉತ್ತರಿಸುತ್ತಾರೆ. ಡೆಕ್ಕಿನಲ್ಲಿ ಉಳಿದದ್ದು 53 ಕಾರ್ಡು, ಅದರಲ್ಲಿ 22 ಲ್ಯಾಂಡ್. ನೀವು ಮೊದಲು ಆಡುವವರಾದರೆ ಮೂರನೆಯ ಸರದಿಯೊಳಗೆ ಎರಡು ಕಾರ್ಡು ಮಾತ್ರ ಎಳೆಯುತ್ತೀರಿ; ಮೂರನೆಯ ಲ್ಯಾಂಡ್ ಸಿಗುವ ಸಾಧ್ಯತೆ ನೂರಕ್ಕೆ 66. ಎರಡನೆಯವರಾಗಿ ಆಡಿದರೆ ಮೂರು ಕಾರ್ಡು ಎಳೆಯುತ್ತೀರಿ. ಸಾಧ್ಯತೆ 81ಕ್ಕೆ ಏರುತ್ತದೆ. ಹಾಗಾಗಿ ಒಂದೇ ಕೈ ಒಂದು ಕಡೆ ಇಟ್ಟುಕೊಳ್ಳಬೇಕಾದದ್ದು, ಇನ್ನೊಂದು ಕಡೆ ಎರಡು ಸಲ ಯೋಚಿಸಬೇಕಾದದ್ದು. ನಿಮ್ಮ ಡೆಕ್ಕಿನ ಲ್ಯಾಂಡ್ ಸಂಖ್ಯೆಗೆ ಈ ಲೆಕ್ಕವನ್ನು ನೀವೇ ಮಾಡಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಇಂಜಿನಿಯರಿಂಗ್ ಗಣಿತದಲ್ಲಿ ಕಲಿತ ಸಂಭವನೀಯತೆ ಪರೀಕ್ಷೆಯ ಹೊರಗೆ ಕೆಲಸಕ್ಕೆ ಬರುವ ಅಪರೂಪದ ಸಂದರ್ಭ ಇದು.

ಎರಡನೆಯ ಕೌಶಲ ಇದಕ್ಕಿಂತ ಕಠಿಣ, ಪ್ಲಾಟಿನಂನಲ್ಲಿ ನಿಂತವರಲ್ಲಿ ಹೆಚ್ಚಿನವರಿಗೆ ಬೇಕಾದದ್ದೂ ಅದೇ. ಪಂದ್ಯದ ಈ ಕ್ಷಣದಲ್ಲಿ ಆಕ್ರಮಣ ಮಾಡಬೇಕಾದವರು ಯಾರು, ಕಾಯಬೇಕಾದವರು ಯಾರು ಎಂದು ಗುರುತಿಸುವುದು. ಒಂದು ಸ್ಥಿತಿಯನ್ನು ನೋಡಿ. ಎದುರಾಳಿಗೆ 6 ಜೀವ ಉಳಿದಿದೆ, ನಿಮಗೆ 9. ಅವನ ಮುಂದೆ ನಾಲ್ಕು ಬಲ (ಹೊಡೆತದ ಹಾನಿ), ನಾಲ್ಕು ತಾಳಿಕೆಯ (ಸಾಯಲು ಬೇಕಾದ ಹಾನಿ) ದೊಡ್ಡ ಜೀವಿಯೊಂದು ನಿಂತಿದೆ. ನಿಮ್ಮ ಕಡೆ ಜೀವಿಯಿಲ್ಲ, ಮೂರು ಲ್ಯಾಂಡ್ ಇವೆ, ಕೈಯಲ್ಲಿ ತಲಾ ಮೂರು ಹಾನಿ ಮಾಡುವ, ತಲಾ ಎರಡು ಮನಾ ಬೇಡುವ ಎರಡು ಮಂತ್ರಗಳಿವೆ. ಆ ದೊಡ್ಡ ಜೀವಿಯನ್ನು ಕಂಡು ಹೆದರಿದವನು ಮಂತ್ರಗಳನ್ನು ಅದಕ್ಕಾಗಿ ಕೂಡಿಡುತ್ತಾನೆ. ಒಂದರಿಂದ ಅದು ಸಾಯುವುದಿಲ್ಲ, ಮೂರು ಲ್ಯಾಂಡಿನಲ್ಲಿ ಎರಡನ್ನೂ ಒಟ್ಟಿಗೆ ಹಾಕಲಾಗುವುದಿಲ್ಲ, ಅಷ್ಟರಲ್ಲಿ ಜೀವ ಕರಗುತ್ತ ಹೋಗುತ್ತದೆ. ಲೆಕ್ಕ ಹಾಕಿದವನು ಈ ಸರದಿಯಲ್ಲಿ ಒಂದು ಮಂತ್ರವನ್ನು ನೇರವಾಗಿ ಎದುರಾಳಿಯ ಮೇಲೆ ಹಾಕುತ್ತಾನೆ, ಎದುರಾಳಿಗೆ 3 ಉಳಿಯುತ್ತದೆ. ಅವನು ತಿರುಗಿ ಹೊಡೆದರೆ ನಿಮ್ಮ ಜೀವ 9ರಿಂದ 5ಕ್ಕೆ ಇಳಿಯುತ್ತದೆ. ಅವನು ಆ ಸರದಿಯಲ್ಲಿ ಇಳಿಸುವ ಹೊಸ ಜೀವಿ ಸಾಮಾನ್ಯವಾಗಿ ಆಗಲೇ ದಾಳಿ ಮಾಡಲಾರದು. ಮುಂದಿನ ಸರದಿಯಲ್ಲಿ ಎರಡನೆಯ ಮಂತ್ರ, ಆಟ ಮುಗಿಯಿತು. ಅವನ ಬಳಿ ಜೀವ ಹೆಚ್ಚಿಸುವ ಕಾರ್ಡು ಇದ್ದರೆ, ಮಂತ್ರ ತಡೆಯುವ ಕಾರ್ಡು ಇದ್ದರೆ ಉತ್ತರ ಬೇರೆಯಾಗಬಹುದು. ಅವನ ಬಣ್ಣಗಳಲ್ಲಿ ಅಂಥವು ಯಾವುವು ಎಂದು ಗೊತ್ತಿರುವುದೇ ಮೆಟಾ, ಎಂದರೆ ಸದ್ಯ ಹೆಚ್ಚು ಜನ ಆಡುತ್ತಿರುವ ಡೆಕ್ಕುಗಳ ಚಿತ್ರ, ತಿಳಿದಿರುವುದು. ಮೆಟಾ ಪಟ್ಟಿಗಳನ್ನು ಬರೀ ಓದುತ್ತ ಕೂತರೆ ಈ ಅರಿವು ಬರುವುದಿಲ್ಲ.

ಇಂಥ ಸ್ಥಿತಿಗಳನ್ನು ರ‍್ಯಾಂಕ್ ಪಂದ್ಯದಲ್ಲಿ ಕಲಿಯುವುದು ಕಷ್ಟ, ಏಕೆಂದರೆ ಅಲ್ಲಿ ಗಡಿಯಾರ ಓಡುತ್ತಿರುತ್ತದೆ ಮತ್ತು ಹಿಂದಿನ ಸರದಿಗೆ ಹೋಗಲು ಬರುವುದಿಲ್ಲ. ನಾನು ಮತ್ತು ಯಾದಗಿರಿಯ ಒಬ್ಬ ಗೆಳೆಯ ಇದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದೇವೆ. ನಮ್ಮ ಎರಡು ಡೆಕ್ಕಿನ ಕಾರ್ಡುಗಳನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸಿ, ಕತ್ತರಿಸಿ, ಹಳೆಯ ಇಸ್ಪೀಟ್ ಎಲೆಗಳ ಮೇಲೆ ಅಂಟಿಸಿದ್ದೇವೆ. ಸೂಪರ್ ಮಾರ್ಕೆಟ್ ಕಡೆಯ ಝೆರಾಕ್ಸ್ ಅಂಗಡಿಯವರು ಮೊದಲ ಹಾಳೆ ಹೊರಬಂದಾಗ "ಏನ್ರೀ ಸರ, ಇವು ಮಾಟ-ಮಂತ್ರದ ಚಿತ್ರ ಏನ್ರಿ?" ಎಂದು ಕೇಳಿದ್ದರು, ಒಂದು ರೀತಿಯಲ್ಲಿ ಅವರು ಹೇಳಿದ್ದು ಸರಿಯೇ. ಗೆಳೆಯ ಭಾನುವಾರ ಬಂದಾಗ ಇಬ್ಬರೂ ಕೈಯನ್ನು ಮೇಜಿನ ಮೇಲೆ ಬಿಚ್ಚಿಟ್ಟು ಆಡುತ್ತೇವೆ, ಸಂದೇಹ ಬಂದಲ್ಲಿ ನಿಲ್ಲಿಸುತ್ತೇವೆ, ಎರಡೂ ದಾರಿಯನ್ನು ಕೊನೆಯವರೆಗೆ ಆಡಿ ನೋಡಿ ಮತ್ತೆ ಅದೇ ಸ್ಥಿತಿಗೆ ಹಿಂದಿರುಗುತ್ತೇವೆ. ಬೇರೆ ಊರಲ್ಲಿರುವ ಗೆಳೆಯನೊಂದಿಗೆ ಅರೇನಾದ ಡೈರೆಕ್ಟ್ ಚಾಲೆಂಜ್‌ನಲ್ಲಿ, ಫೋನಿನಲ್ಲಿ ಮಾತಾಡುತ್ತ, ಒಂದೇ ಜೋಡಿ ಡೆಕ್ ಹಿಡಿದು ಮತ್ತೆ ಮತ್ತೆ ಆಡುವುದೂ ಒಳ್ಳೆಯದೇ. ಹಿಂದಕ್ಕೆ ಹೋಗಲಾಗದು ಎಂಬುದಷ್ಟೇ ಕೊರತೆ. ಸೈಡ್‌ಬೋರ್ಡಿನ, ಎಂದರೆ ಮೂರು ಆಟದ ಪಂದ್ಯದಲ್ಲಿ ಆಟಗಳ ನಡುವೆ ಬದಲಿಸಿಕೊಳ್ಳಲು ಇಟ್ಟುಕೊಂಡ 15 ಕಾರ್ಡುಗಳ ಅಭ್ಯಾಸಕ್ಕೆ ಮಾತ್ರ ಡೈರೆಕ್ಟ್ ಚಾಲೆಂಜೇ ಹೆಚ್ಚು ಅನುಕೂಲ, ಏಕೆಂದರೆ ಯಾವುದನ್ನು ತೆಗೆದು ಯಾವುದನ್ನು ಹಾಕಬೇಕೆಂಬುದು ಅದೇ ಎದುರಾಳಿಯ ವಿರುದ್ಧ ಹತ್ತು ಸಲ ಆಡಿದ ಮೇಲೆಯೇ ಕೈಗೆ ಕೂರುತ್ತದೆ.

ರ‍್ಯಾಂಕ್ ಪಂದ್ಯ ಆಡುವ ದಿನ ನೋಟ್‌ಬುಕ್ಕಿನಲ್ಲಿ ಪ್ರತಿ ಪಂದ್ಯಕ್ಕೆ ಒಂದು ಸಾಲು ಸಾಕು: ಎದುರಾಳಿಯ ಡೆಕ್ ಯಾವುದು, ಮೊದಲು ಆಡಿದವರು ಯಾರು, ಕೈ ಇಟ್ಟುಕೊಂಡದ್ದೋ ಬಿಟ್ಟದ್ದೋ, ಆಟ ತಿರುಗಿದ ಸರದಿ ಯಾವುದು. ಗೆದ್ದ ಪಂದ್ಯವನ್ನೂ ಬರೆಯಿರಿ. ಕೆಟ್ಟದಾಗಿ ಆಡಿ ಗೆದ್ದ ಪಂದ್ಯ ಯಾರ ಕಣ್ಣಿಗೂ ಬೀಳುವುದಿಲ್ಲ. ನೀವು ಫೋನಿನಲ್ಲಿ ಆಡುವವರಾದರೆ ಪರದೆಯನ್ನು ರೆಕಾರ್ಡ್ ಮಾಡಿಟ್ಟು ಮರುದಿನ ನೋಡಿ, ಅಂದೇ ರಾತ್ರಿ ಬೇಡ. ಕಂಪ್ಯೂಟರಿನಲ್ಲಿ ಆಡುವುದಾದರೆ ಅರೇನಾದ ಸೆಟ್ಟಿಂಗ್‌ಗಳಲ್ಲಿ ವಿವರವಾದ ಲಾಗ್‌ಗಳನ್ನು (ಆಟದ ನಡೆಗಳ ದಾಖಲೆಯನ್ನು) ಆನ್ ಮಾಡಿ. ಡ್ರಾಫ್ಟ್ (ಆಗಲೇ ಸಿಕ್ಕ ಕಾರ್ಡುಗಳಲ್ಲಿ ಆರಿಸಿ ಡೆಕ್ ಕಟ್ಟುವ ಆಟ) ಆಡುವವರಿಗೆ 17ಲ್ಯಾಂಡ್ಸ್ ಎಂಬ ತಾಣ ಆ ಲಾಗ್‌ನಿಂದಲೇ ಪ್ರತಿ ಪಂದ್ಯದ ದಾಖಲೆ ಮಾಡಿಕೊಡುತ್ತದೆ. ಹಾರ್ತ್‌ಸ್ಟೋನ್‌ಗೆ ಎಚ್ಎಸ್‌ರಿಪ್ಲೇ ಎಂಬ ಅಂಥದ್ದೇ ತಾಣ ಇದೆ. ಸತತ ಎರಡು ಸೋತರೆ ಆ ದಿನಕ್ಕೆ ರ‍್ಯಾಂಕ್ ಪಂದ್ಯ ಬಂದ್ ಎಂಬ ನಿಯಮವನ್ನು ಮುರಿಯದೆ ಪಾಲಿಸಿ.

ನಮ್ಮ ಕಡೆಯವರಿಗೆ ಇನ್ನೊಂದು ತೊಂದರೆ ಸಮಯದ್ದು. ಈ ಆಟದ ವೇಳಾಪಟ್ಟಿಯೆಲ್ಲ ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದ್ದು. ಅಲ್ಲಿಯ ಬೇಸಿಗೆಯಲ್ಲಿ ನಾವು ಹನ್ನೆರಡೂವರೆ ಗಂಟೆ ಮುಂದಿರುತ್ತೇವೆ, ಚಳಿಗಾಲದಲ್ಲಿ ಹದಿಮೂರೂವರೆ. ಅಲ್ಲಿ ಮಧ್ಯಾಹ್ನ ತಿಂಗಳ ಸೀಸನ್ ಮುಗಿಯುವಾಗ ನಮ್ಮಲ್ಲಿ ಮಧ್ಯರಾತ್ರಿ ಕಳೆದಿರುತ್ತದೆ, ಅಲ್ಲಿ ಬೆಳಿಗ್ಗೆ ಶುರುವಾಗುವ ಸ್ಪರ್ಧೆ ಇಲ್ಲಿ ಊಟದ ಹೊತ್ತಿಗೆ ಶುರುವಾಗಿ ತಡರಾತ್ರಿಯವರೆಗೆ ಎಳೆಯುತ್ತದೆ. ಆದ್ದರಿಂದ ಸ್ಪರ್ಧೆಯ ಹಿಂದಿನ ವಾರದ ಅಭ್ಯಾಸ ಅದೇ ಹೊತ್ತಿನಲ್ಲಿ ಇರಲಿ, ಆ ದಿನ ಮಧ್ಯಾಹ್ನ ಒಂದು ನಿದ್ದೆ ತೆಗೆಯಿರಿ. ಕಲಬುರಗಿಯಲ್ಲಿ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟಿದಾಗ ಸಂಜೆಯಾದರೂ ಫೋನು ಕಾದು ನಿಧಾನವಾಗುತ್ತದೆ, ಕರೆಂಟು ಹೋದರೆ ವೈಫೈ ಕೂಡ ಹೋಗುತ್ತದೆ. ಬೀದರಿನಲ್ಲಿ ನಿಮಗೆ ಸೆಕೆ ಸ್ವಲ್ಪ ಕಡಿಮೆಯಿರಬಹುದು, ಆದರೆ ಕರೆಂಟಿನ ಕಥೆ ಬೇರೆಯಿರಲಿಕ್ಕಿಲ್ಲ. ಸಂಪರ್ಕ ಕಡಿದರೂ ನಿಮ್ಮ ಗಡಿಯಾರ ನಿಲ್ಲುವುದಿಲ್ಲ. ಪೂರ್ತಿ ಚಾರ್ಜ್ ಆದ ಫೋನು, ಇನ್ನೊಂದು ಸಿಮ್ಮಿನ ಡೇಟಾ ಇಲ್ಲದೆ ಸ್ಪರ್ಧೆಗೆ ಕೂರಬೇಡಿ.

ಮನೆಯವರ ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮಲ್ಲಿ ಕಾರ್ಡ್ ಆಟವೆಂದರೆ ಹಿರಿಯರ ಕಿವಿಗೆ ಜೂಜು ಎಂದೇ ಕೇಳಿಸುತ್ತದೆ, ನಮ್ಮವ್ವ ಇವತ್ತಿಗೂ "ಮತ್ತ ಎಲಿ ಆಡ್ಕೋತ ಕುಂತಿ?" ಎಂದೇ ಕೇಳುತ್ತಾಳೆ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಬೇರೆಯಾಗಿ ಗುರುತಿಸಿದೆ ಎಂಬುದನ್ನೂ, 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆ ಪ್ರದರ್ಶನ ವಿಭಾಗದಲ್ಲಿದ್ದಾಗ ಗುಜರಾತಿನ ಭುಜ್‌ನ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್‌ನಲ್ಲಿ ಕಂಚು ಗೆದ್ದರೆಂಬುದನ್ನೂ ಅವರಿಗೆ ಹೇಳಬಹುದು. ಭುಜ್ ಕೂಡ ಬೀದರಿನಂತೆ ಮಹಾನಗರವಲ್ಲದ ಗಡಿಭಾಗದ ಊರು. ಆದರೆ ಇದನ್ನೇ ಹಿಡಿದು ಓದು ಬಿಟ್ಟು ಹೊಟ್ಟೆಪಾಡು ಮಾಡಿಕೊಳ್ಳುವ ಯೋಚನೆಯಿದ್ದರೆ ನನ್ನ ಒಪ್ಪಿಗೆ ಇಲ್ಲ. ಹೊಸ ಕಾರ್ಡುಗಳ ಪ್ಯಾಕ್‌ಗಳಿಗೆ ಹಾಕುವ ಹಣವನ್ನೂ ತಿಂಗಳ ಮೊದಲೇ ಗೊತ್ತುಮಾಡಿ, ಸೋತ ರಾತ್ರಿ ಒಂದು ರೂಪಾಯಿಯನ್ನೂ ಹಾಕಬೇಡಿ.

ಕೊನೆಯದಾಗಿ, ನಿಮಗೆ ಬೇಕಾದದ್ದು ಸ್ಪರ್ಧೆಯೇ ಆಗಿದ್ದರೆ ಮಿಥಿಕ್‌ಗಾಗಿ ಕಾಯುವ ಅಗತ್ಯವೂ ಇಲ್ಲ. ಮಿಥಿಕ್‌ನ ಮೇಲಿನ ಸಾಲಿನಲ್ಲಿ ಸೀಸನ್ ಮುಗಿಸಿದವರಿಗೆ ಅರ್ಹತಾ ಸ್ಪರ್ಧೆಗೆ ಪ್ರವೇಶ ಸಿಗುತ್ತದೆ ನಿಜ, ಆದರೆ ಕ್ವಾಲಿಫೈಯರ್ ಪ್ಲೇ-ಇನ್ ಎಂಬ ಇನ್ನೊಂದು ಬಾಗಿಲಿದೆ. ಆಟದೊಳಗೆ ಗಳಿಸಿದ ಚಿನ್ನದಿಂದಲೇ ಅದಕ್ಕೆ ಸೇರಬಹುದು, ಯಾವ ರ‍್ಯಾಂಕ್‌ನಲ್ಲಿದ್ದೀರೆಂದು ಅದು ಕೇಳುವುದಿಲ್ಲ. ನಿಯಮಗಳು ಆಗಾಗ ಬದಲಾಗುವುದರಿಂದ ಆ ತಿಂಗಳ ಪ್ರಕಟಣೆಯನ್ನು ಓದಿಕೊಳ್ಳಿ. ಮುಂದಿನ ಪ್ಲೇ-ಇನ್ ದಿನಾಂಕವನ್ನು ನೋಡಿ, ಅದಕ್ಕೆ ಮುಂಚಿನ ನಾಲ್ಕು ವಾರವನ್ನು ಎರಡು ಕೌಶಲಕ್ಕೆ ಹಂಚಿ. ಪ್ರಶ್ನೆಯ ಕೆಳಗೆ ನಿಮ್ಮ ಡೆಕ್ಕಿನ ಪಟ್ಟಿಯನ್ನೂ ಇತ್ತೀಚೆಗೆ ಸೋತ ಒಂದು ಪಂದ್ಯದ ವಿವರವನ್ನೂ ಸೇರಿಸಿದರೆ ಲ್ಯಾಂಡ್ ಸಂಖ್ಯೆ ಸರಿಯಿದೆಯೇ ಎಂದು ನೋಡಿ ಹೇಳುತ್ತೇನೆ.