ಓಸಿಐ ಕಾರ್ಡ್ ಇರುವ ತಮ್ಮ ಮಂಡ್ಯದಲ್ಲಿ ಗದ್ದೆ ಕೊಳ್ಳಬಹುದಾ?

ಕೊಳ್ಳುವ ಹಾಗಿಲ್ಲ. ನಿಮ್ಮ ತಮ್ಮ ಅಮೆರಿಕದ ಪೌರತ್ವ ಪಡೆದು ಅಲ್ಲೇ ನೆಲೆಸಿದ್ದಾರೆ ಅಂದಿದ್ದೀರಿ. ಅಂಥವರು ಮೈಸೂರಲ್ಲಿ ಸೈಟು, ಮನೆ, ಅಂಗಡಿ ಮಳಿಗೆ ಕೊಳ್ಳಬಹುದು. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಗದ್ದೆ, ತೋಟ, ತೋಟದ ಮನೆ ಮಾತ್ರ ಆಗದು.

ಓಸಿಐ ಅಂದರೆ ‘ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ’. ಕಾರ್ಡಿನ ಹೆಸರಲ್ಲಿ ‘ಸಿಟಿಜನ್’, ಅಂದರೆ ‘ಪ್ರಜೆ’ ಅನ್ನೋ ಪದ ಇರುವುದೇ ಗೊಂದಲಕ್ಕೆ ಕಾರಣ. ಅದು ಪೌರತ್ವ ಅಲ್ಲ, ಹೆಚ್ಚುಕಡಿಮೆ ಜೀವಮಾನದ ವೀಸಾ. 1955ರ ಪೌರತ್ವ ಕಾಯ್ದೆ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ ಇಲ್ಲಿನದು ಹೋಗುತ್ತದೆ.

‘2020ರ ತಿದ್ದುಪಡಿ ಆದಮೇಲೆ ರೈತರಲ್ಲದವರೂ ಜಮೀನು ಕೊಳ್ಳಬಹುದು ಅಲ್ವಾ?’ ಅಂತ ಜಾಸ್ತಿ ಜನ ಕೇಳುತ್ತಾರೆ. ನಿಜ, ಆದರೆ ಅದು ರಾಜ್ಯದ ಭೂ ಸುಧಾರಣಾ ಕಾಯ್ದೆ. ಇಲ್ಲಿ ಅಡ್ಡ ಬರುವುದು ಕೇಂದ್ರದ ವಿದೇಶಿ ವಿನಿಮಯ ಕಾನೂನು, ಅಂದರೆ ಫೆಮಾ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ದುಬೈನಲ್ಲಿ ನೆಲೆಸಿರುವವರಿಗೂ ಇದೇ ತಡೆ. ಬ್ರೋಕರ್ ಏನೇ ಹೇಳಲಿ, ಸುಮ್ನೆ ಮುಂಗಡ ಕೊಟ್ಟುಬಿಡಬೇಡಿ.

ಪಿತ್ರಾರ್ಜಿತದ ವಿಷಯ ಬೇರೆ. ಅಪ್ಪನ ಕಾಲಾನಂತರ ನಿಮ್ಮ ತಮ್ಮನ ಪಾಲಿಗೆ ಬರುವ ಜಮೀನನ್ನು ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿ ಅವರು ಇಟ್ಟುಕೊಳ್ಳಬಹುದು. ಆದರೆ ನೀವು ಪ್ರೀತಿಯಿಂದ ಗದ್ದೆಯನ್ನು ದಾನಪತ್ರ ಬರೆದುಕೊಟ್ಟರೆ ಅದು ನಡೆಯುವುದಿಲ್ಲ. ಮುಂದೆ ಅವರು ಪಿತ್ರಾರ್ಜಿತವಾಗಿ ಬಂದ ಜಮೀನು ಮಾರುವುದಾದರೆ, ಇಲ್ಲೇ ವಾಸವಿರುವ ಭಾರತೀಯ ಪ್ರಜೆಗೇ ಮಾರಬೇಕು.