ಕೇಳುವ ಮೊದಲೇ ಕೆಲಸ ಬಿಡುವ ಹುಡುಗ

ಕಿರಣನಿಗೆ (ಹೆಸರು ಮತ್ತು ಗುರುತಿನ ವಿವರಗಳನ್ನು ಬದಲಿಸಿದ್ದೇನೆ) ಈಗ 19 ವರ್ಷ. 17 ತುಂಬುವ ಮೊದಲು ಗೆಳೆಯರೊಂದಿಗೆ ಬೈಕ್ ಕದ್ದು, ಮಕ್ಕಳ ಅಪರಾಧ ಪ್ರಕರಣಗಳನ್ನು ನೋಡುವ ಬಾಲ ನ್ಯಾಯ ಮಂಡಳಿಯ ಮುಂದೆ ನಿಂತಿದ್ದ. ಕೆಲವು ವಾರ ವೀಕ್ಷಣಾಲಯದಲ್ಲಿ (ವಿಚಾರಣೆಯ ವೇಳೆ ಇಂಥ ಮಕ್ಕಳನ್ನು ಇರಿಸುವ ಗೃಹ) ಇದ್ದು, ಬಳಿಕ ಪರಿವೀಕ್ಷಣಾಧಿಕಾರಿಯ ನಿಗಾದಲ್ಲಿ ಮನೆಗೆ ಬಂದ. ಮಂಡಳಿ ಹೇಳಿದಂತೆ ಗಾರೆ ಕೆಲಸದ ತರಬೇತಿ ಮುಗಿಸಿ ಪ್ರಮಾಣಪತ್ರವನ್ನೂ ಪಡೆದ. ಕೆಲಸಕ್ಕೇನೂ ಬರವಿರಲಿಲ್ಲ. ಆದರೆ ಹೋದಲ್ಲೆಲ್ಲ ತಿಂಗಳು ತುಂಬುವುದರೊಳಗೆ ಬಿಟ್ಟು ಬರುತ್ತಿದ್ದ.

"ಮೈಗಳ್ಳ, ಮೇಡಂ" ಎಂದರು, ಅವನೊಂದಿಗೆ ನನ್ನ ಬಳಿ ಸಲಹೆಗೆ ಬಂದಿದ್ದ ತಾಯಿ. ನನಗೆ ಹಾಗೆ ಕಾಣಲಿಲ್ಲ. ಸಿಮೆಂಟ್ ತಿಂದ ಬೆರಳ ಸಂದಿಗಳು ಬಿರಿದಿದ್ದವು. ಇಟ್ಟಿಗೆಯನ್ನು ನೆನೆಸದೆ ಕಟ್ಟಿದರೆ ಅದು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೇರ ನೋಡದೆ ವರಸೆ ಏರಿಸಿದರೆ ಗೋಡೆ ಹೊಟ್ಟೆ ಬಿಡುತ್ತದೆ ಎಂದು ನಾನು ಕೇಳದೆಯೇ ವಿವರಿಸಿದ. ಮೈಗಳ್ಳರಿಗೆ ಇಂಥ ವಿಷಯಗಳಲ್ಲಿ ಆಸಕ್ತಿ ಇರುವುದಿಲ್ಲ.

ಕಾರಣ ಹೊರಬಂದದ್ದು ತಾಯಿ ಎದ್ದು ಹೊರಗೆ ಹೋದ ಮೇಲೆ. ಒಂದು ಕಡೆ ವೈರಿನ ಸುರುಳಿ ಕಾಣೆಯಾಗಿತ್ತು, ಇನ್ನೊಂದು ಕಡೆ ಕಟಿಂಗ್ ಮಷಿನ್. ಕದ್ದವನು ಇವನಲ್ಲ, ಇವನನ್ನು ಯಾರೂ ಕೇಳಿಯೂ ಇರಲಿಲ್ಲ. ಕೇಳಿಯಾರು ಎಂಬ ಭಯಕ್ಕೆ ಶನಿವಾರದ ಬಟವಾಡೆಯನ್ನೂ ಬಿಟ್ಟು ಹೊರಟುಬಂದಿದ್ದ. ಓಡಿಹೋದವನ ಮೇಲೆಯೇ ಅನುಮಾನ ಬೀಳುವುದು ಸಹಜ. ಹಾಗೆಯೇ ಆಯಿತು.

ಮೊದಲು ಕಾನೂನಿನ ಮಾತು ಹೇಳಿದೆ. ಬಾಲ ನ್ಯಾಯ ಕಾಯ್ದೆ, 2015ರ ಸೆಕ್ಷನ್ 24ರ ಪ್ರಕಾರ ಬಾಲ್ಯದ ಆ ಪ್ರಕರಣ ಅವನಿಗೆ ಅನರ್ಹತೆಯಾಗದು. ಪ್ರಕರಣ ಮುಗಿದಿರುವುದರಿಂದ ನಡತೆ ಪ್ರಮಾಣಪತ್ರಕ್ಕೆಂದು ಕೇಳಿದರೂ ಪೊಲೀಸರು ಆ ದಾಖಲೆಯನ್ನು ಹೊರಗೆಡಹುವಂತಿಲ್ಲ ಎನ್ನುತ್ತದೆ ಸೆಕ್ಷನ್ 74. (16 ದಾಟಿದವರ ಘೋರ ಅಪರಾಧಗಳಿಗೆ ನಿಯಮ ಬೇರೆ, ಇವನದು ಆ ಬಗೆಯದಲ್ಲ.) ಇದನ್ನು ಅವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಗೋಡೆ ಕಟ್ಟುವುದನ್ನು ಕಲಿಸಿ ಕಳಿಸಿದವರು ಇಷ್ಟನ್ನಾದರೂ ಹೇಳಬೇಕಿತ್ತು.

ಮೇಸ್ತ್ರಿಗೆ ಹಿಂದಿನದನ್ನು ಹೇಳುವುದೋ ಬಿಡುವುದೋ ಅವನ ಇಷ್ಟ, ನಾನಾಗಿ ಬಾಯಿ ಬಿಡುವುದಿಲ್ಲ ಎಂದೆ. ಆದರೆ ಒಂದು ಕರಾರು ಹಾಕಿದೆ: ಏನಾದರೂ ಕಾಣೆಯಾದ ದಿನ ರಜೆ ಹಾಕಬಾರದು. ಮರುದಿನ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲಬೇಕು. ಯಾರಾದರೂ ಕೇಳಿದರೆ "ನನಗೆ ಗೊತ್ತಿಲ್ಲ" ಎಂದಷ್ಟೇ ಹೇಳಿ ಕರಣೆ ಹಿಡಿಯಬೇಕು, ಆಣೆ ಪ್ರಮಾಣ ಬೇಡ. ಆ ಮಾತನ್ನು ನನ್ನೆದುರು ಅವನಿಂದ ಹೇಳಿಸಿದೆ. ಮೊದಮೊದಲು ತಲೆ ತಗ್ಗಿಸಿಯೇ ಹೇಳುತ್ತಿದ್ದ.

ಕೊನೆಗೆ ಹೊಸ ಮೇಸ್ತ್ರಿಗೆ ಅವನೇ ಹೇಳಿದ. "ತಮ್ಮಾ, ಅದು ಹಳೆಯ ಮಾತು. ಹೇಳದೆ ಕೆಲಸ ಬಿಟ್ಟರೆ ಸ್ಲ್ಯಾಬ್ ಹಾಕುವ ದಿನ ನಾನು ಯಾರನ್ನು ಹುಡುಕಲಿ?" ಎಂದರಂತೆ.

ಆ ಒಳ್ಳೆಯ ಮನುಷ್ಯ ಮರುವಾರ ನನಗೆ ಫೋನ್ ಮಾಡಿ, ನಂಬಿಕೆ ತೋರಿಸಲು ಉಗ್ರಾಣದ ಕೀಲಿಯನ್ನು ಹುಡುಗನಿಗೇ ಕೊಡಲೇ ಎಂದು ಕೇಳಿದರು. ಬೇಡವೆಂದೆ. ಕೀಲಿ ಕೈಗೆ ಬಂದರೆ ಏನು ಕಳೆದರೂ ಅವನ ತಲೆಗೇ ಬರುತ್ತದೆ. ಅದರ ಬದಲು ದಿನದ ಕೊನೆಯಲ್ಲಿ ಎಲ್ಲರ ಎದುರೇ ಸಾಮಾನು ಎಣಿಸಿ ಪುಸ್ತಕದಲ್ಲಿ ಬರೆಯಿರಿ ಎಂದೆ. ಇದರಿಂದ ಉಳಿದ ಕೆಲಸಗಾರರೂ ಅನುಮಾನದಿಂದ ಪಾರಾಗುತ್ತಾರೆ.

ತಾಯಿಗೆ ಹೇಳಿದ್ದು ಒಂದೇ: ಮಗ ಮನೆಗೆ ಬಂದೊಡನೆ ಜೇಬು ನೋಡುವುದನ್ನು ನಿಲ್ಲಿಸಿ. ಅವರಿಗೆ ಸಿಟ್ಟು ಬಂತು. ಇನ್ನೂ ಪೂರ್ತಿ ನಿಲ್ಲಿಸಿಲ್ಲ.

ಕಿರಣ ಈಗ ಅದೇ ಮೇಸ್ತ್ರಿಯ ಬಳಿ ಗಿಲಾವು ಕೆಲಸ ಕಲಿಯುತ್ತಿದ್ದಾನೆ. ಕಾರ್ಮಿಕ ಕಾರ್ಡ್ ಮಾಡಿಸಲು ಹೇಳಿದ್ದೇನೆ. ಕಾನೂನಿನಂತೆ 18ರಿಂದ 60ರೊಳಗಿನ ಕಟ್ಟಡ ಕಾರ್ಮಿಕರು ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಪದೇಪದೇ ಕೆಲಸ ಬಿಟ್ಟವನ ಬಳಿ ಆ ದಿನಗಳ ಲೆಕ್ಕಕ್ಕೆ ಯಾವ ಪುರಾವೆಯೂ ಇರಲಿಲ್ಲ. ಈಗ ಹಾಜರಿಯನ್ನು ಪುಟ್ಟ ಡೈರಿಯಲ್ಲಿ ಬರೆದು ವಾರಕ್ಕೊಮ್ಮೆ ಮೇಸ್ತ್ರಿಯ ಸಹಿ ಹಾಕಿಸುತ್ತಿದ್ದಾನೆ. ಹಳೆಯ ಗೆಳೆಯರ ವಿಷಯವನ್ನು ನಾವಿನ್ನೂ ಮಾತಾಡಬೇಕಿದೆ.